ಅಂಬತ್ತೂರಿನಿಂದ ಕೋಯಂಬೇಡಿಗೆ: ಒಂದು ಸೈಕಲ್ ಚರಿತ್ರೆ

ದಕ್ಷಿಣ ಭಾರತದ ಸೈಕಲ್ ಉದ್ಯಮದ ತವರು ಅಂಬತ್ತೂರು. ಚೆನ್ನೈನ ಕೋಯಂಬೇಡು ಮಾರುಕಟ್ಟೆಯಿಂದ ವಾಯವ್ಯಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಊರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಆಫ್ ಇಂಡಿಯಾ ಕಂಪನಿ ಶುರುವಾಯಿತು. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಎಂಬ ಹೆಸರು ಹೊತ್ತ ಇಲ್ಲಿನ ಸೈಕಲ್‌ಗಳು ಕರ್ನಾಟಕದ ಹಳ್ಳಿಗಳಿಗೂ ಬಂದವು. ಹಾಲಿನವರು, ಅಂಚೆಯವರು, ಶಾಲೆಯ ಮೇಷ್ಟ್ರುಗಳು, ಪೇಪರ್ ಹಾಕುವ ಹುಡುಗರು ಅವನ್ನು ತುಳಿದರು. ಮುಕ್ಕಾಲು ಶತಮಾನದಲ್ಲಿ ಸೈಕಲ್ ಈ ಭಾಗದಲ್ಲಿ ದುಡಿಮೆಯ ಸಾಧನವಾಯಿತು, ಹೆಣ್ಣುಮಕ್ಕಳ ಓದಿಗೆ ಆಸರೆಯಾಯಿತು, ಕೊನೆಗೆ ಕ್ರೀಡೆಯೂ ಆಯಿತು. ಪ್ರತಿ ಹಂತದಲ್ಲೂ ಅದರ ಹೊಣೆ ಹೊರಲು ಯಾರಾದರೂ ಇದ್ದರು. ಹಾಗೆ ಯಾರೂ ಪೂರ್ತಿಯಾಗಿ ಹೊಣೆ ಹೊರದೆ ಉಳಿದದ್ದು ಸೈಕಲ್ ಓಡುವ ರಸ್ತೆ ಮಾತ್ರ.

ಬರ್ಮಿಂಗ್‌ಹ್ಯಾಮ್‌ನಿಂದ ಬಂದದ್ದು

ಸ್ವಾತಂತ್ರ್ಯಕ್ಕೆ ಮೊದಲು ಭಾರತದಲ್ಲಿ ಓಡುತ್ತಿದ್ದ ಸೈಕಲ್‌ಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲಿ ತಯಾರಾದವು. ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಯುದ್ಧದ ಕೆಲಸಕ್ಕೆ ಹೋದಾಗ ಸೈಕಲ್ ಆಮದು ಕುಸಿಯಿತು. ಸ್ವಾತಂತ್ರ್ಯಾನಂತರ ಸರ್ಕಾರ ಆಮದಿಗೆ ಕಡಿವಾಣ ಹಾಕಿ, ಇಲ್ಲೇ ತಯಾರಿಸುವವರಿಗೆ ಬೆಂಬಲ ಕೊಟ್ಟಿತು. ಬ್ರಿಟಿಷ್ ಕಂಪನಿಗಳಿಗೆ ಭಾರತದ ಮಾರುಕಟ್ಟೆ ಬೇಕಿದ್ದರೆ ಭಾರತೀಯ ಪಾಲುದಾರರ ಜೊತೆ ಇಲ್ಲೇ ಕಾರ್ಖಾನೆ ಹಾಕುವುದೇ ದಾರಿಯಾಗಿತ್ತು.

ಬರ್ಮಾದಲ್ಲಿ ಲೇವಾದೇವಿ ನಡೆಸುತ್ತಿದ್ದ ಚೆಟ್ಟಿಯಾರ್ ಸಮುದಾಯದ ಮುರುಗಪ್ಪ ಮನೆತನ ಯುದ್ಧಕ್ಕೆ ಮೊದಲೇ ತನ್ನ ಬಂಡವಾಳವನ್ನು ಭಾರತಕ್ಕೆ ತಂದಿತ್ತು. ಈ ಮನೆತನ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಅಂಬತ್ತೂರಿನಲ್ಲಿ ಕಾರ್ಖಾನೆ ತೆರೆಯಿತು. ಬ್ರಿಟಿಷ್ ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ಐವನ್ ಸ್ಟೆಡ್‌ಫರ್ಡ್ ಹೆಸರಿನ ಆಸ್ಪತ್ರೆ ಅಂಬತ್ತೂರಿನಲ್ಲಿ ಈಗಲೂ ಇದೆ. ಮೊದಲು ಹರ್ಕ್ಯುಲಿಸ್ ಬಂತು. 1960ರಲ್ಲಿ ಬ್ರಿಟನ್ನಿನಲ್ಲಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆ ರ‍್ಯಾಲಿ ಕಂಪನಿಯನ್ನು ತೆಕ್ಕೆಗೆ ತೆಗೆದುಕೊಂಡಿತು. ಬಿಎಸ್‌ಎ ಸೈಕಲ್‌ನ ಹೆಸರು ಅಷ್ಟರಲ್ಲೇ ರ‍್ಯಾಲಿಯ ಕೈಯಲ್ಲಿತ್ತು. ಹೀಗೆ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಂಪನಿಯೊಂದರ ಹೆಸರು ಮದರಾಸಿನ ಸೈಕಲ್ ಮೇಲೆ ಬಂದು ಕೂತಿತು.

ಅದೇ ಕಾಲದಲ್ಲಿ ಉತ್ತರದಲ್ಲೂ ಸೈಕಲ್ ಉದ್ಯಮ ಬೆಳೆಯುತ್ತಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೊ ಕಾರ್ಖಾನೆಗಳು ಎದ್ದವು. ಲುಧಿಯಾನದ ಬೆಳವಣಿಗೆಯ ಬಗೆ ಬೇರೆ. ಅಲ್ಲಿ ಒಂದು ಗಲ್ಲಿಯವರು ಪೆಡಲ್ ಮಾಡಿದರೆ ಇನ್ನೊಂದು ಗಲ್ಲಿಯವರು ಹಬ್ ಮಾಡುತ್ತಿದ್ದರು. ನೂರಾರು ಸಣ್ಣ ವರ್ಕ್‌ಶಾಪ್‌ಗಳ ಮಾಲು ಸೇರಿ ಒಂದು ಸೈಕಲ್ ಆಗುತ್ತಿತ್ತು. ಮದರಾಸಿನಲ್ಲಿ ಒಂದೇ ಬಳಗ ಬಿಡಿಭಾಗಗಳಿಗೂ ಕಾರ್ಖಾನೆ ಹಾಕಿತು. ಆವಡಿಯಲ್ಲಿ ಉಕ್ಕಿನ ಕೊಳವೆಗಳಿಗಾಗಿ ಟ್ಯೂಬ್ ಪ್ರಾಡಕ್ಟ್ಸ್, ದೀಪ ಮತ್ತು ಡೈನಮೋಗಳಿಗೆ ಟಿಐ ಮಿಲ್ಲರ್, 1960ರಲ್ಲಿ ಚೈನ್‌ಗಾಗಿ ಟಿಐ ಡೈಮಂಡ್ ಚೈನ್ ಬಂದವು. ಸೈಕಲ್‌ಗಾಗಿ ಕಲಿತ ಕೊಳವೆ ಮತ್ತು ಚೈನ್ ವಿದ್ಯೆ ಮುಂದೆ ಮೋಟಾರು ವಾಹನಗಳ ಬಿಡಿಭಾಗಗಳ ಉದ್ಯಮಕ್ಕೂ ಒದಗಿತು.

ಕಡ್ಡಿ, ಕೊಳವೆ, ಕೈಚಳಕ

ಹಳೆಯ ಕಪ್ಪು ಸೈಕಲ್‌ನ ಕಟ್ಟೋಣ ನೋಡಲು ಸರಳ. ಉಕ್ಕಿನ ಕೊಳವೆಗಳ ತುದಿಗಳನ್ನು ಲಗ್ ಎಂಬ ತೋಳುಗಳೊಳಗೆ ತೂರಿಸಿ, ಹಿತ್ತಾಳೆ ಕರಗಿಸಿ ಬೆಸುಗೆ ಹಾಕುತ್ತಾರೆ. ಕರಗಿದ ಹಿತ್ತಾಳೆ ಸಂದಿನೊಳಗೆ ತಾನಾಗಿ ಹರಿದು ಹಿಡಿದುಕೊಳ್ಳುತ್ತದೆ. ಮನೆಯವರು, ಬೆಲ್ಲದ ಮೂಟೆ, ಹುಲ್ಲಿನ ಹೊರೆ ಎಲ್ಲವನ್ನೂ ಹೊತ್ತು ಹೊಂಡದ ದಾರಿಯಲ್ಲಿ ವರ್ಷಗಟ್ಟಲೆ ಓಡಿದರೂ ಇಂಥ ಚೌಕಟ್ಟು ಬಿಡುವುದು ಅಪರೂಪ. ಚಕ್ರಗಳ ಅಳತೆ 28 ಇಂಚು. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಹಾಕುವುದು ಇಂಗ್ಲಿಷ್ ಪದ್ಧತಿ. ಭಾರ ಬೀಳುವುದೂ ಎಳೆತ ತಗಲುವುದೂ ಹಿಂದಿನ ಚಕ್ರಕ್ಕೆ, ಹಾಗಾಗಿ ಅದಕ್ಕೆ ಎಂಟು ಕಡ್ಡಿ ಹೆಚ್ಚು.

ಚಕ್ರದ ಔಟ್ ತೆಗೆಯುವುದು ಸೈಕಲ್ ಕೆಲಸದಲ್ಲೇ ನಾಜೂಕಿನದು. ಚಕ್ರವನ್ನು ತಿರುಗಿಸಿ, ರಿಮ್ ಎಲ್ಲಿ ಒಂದು ಬದಿಗೆ ಒಲೆಯುತ್ತದೆ ಎಂದು ನೋಡಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ರಿಮ್ ಎಡಕ್ಕೆ ಒಲೆದರೆ ಅಲ್ಲಿನ ಬಲಬದಿಯ ಕಡ್ಡಿಯ ನಿಪ್ಪಲ್ ಬಿಗಿ ಮಾಡಬೇಕು, ಎಡಬದಿಯದನ್ನು ಸಡಿಲಿಸಬೇಕು. ಒಂದೇ ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಇನ್ನೊಂದು ಕಡೆ ಔಟ್ ಏಳುತ್ತದೆ. ನುರಿತ ಮೆಕ್ಯಾನಿಕ್ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ನಾದ ಕೇಳಿಯೇ ಬಿಗಿತ ಅಳೆಯುತ್ತಾನೆ.

ಕಾರ್ಖಾನೆಯಿಂದ ಅಂಗಡಿಗೆ ಸೈಕಲ್ ಪೂರ್ತಿ ಜೋಡಿಸಿದ ರೂಪದಲ್ಲಿ ಬರುತ್ತಿದ್ದುದು ಕಡಿಮೆ. ಬಿಡಿಭಾಗಗಳು ಕಟ್ಟು ಕಟ್ಟಾಗಿ ಬಂದು, ಅಂಗಡಿಯ ಮೆಕ್ಯಾನಿಕ್ ಕೈಯಲ್ಲಿ ಸೈಕಲ್ ಆಗುತ್ತಿದ್ದವು. ಕೊನೆಯ ಕುಶಲಕರ್ಮಿ ಅವನೇ. ಪಂಕ್ಚರ್ ಹಾಕುವವನೂ ಅವನೇ. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಗುರುತಿಸುವುದು, ಅಲ್ಲಿ ಉಜ್ಜಿ ಸಲ್ಯೂಷನ್ ಹಚ್ಚುವುದು, ಅದು ಅರೆಬರೆ ಆರುವ ತನಕ ಕಾದು ಪ್ಯಾಚ್ ಅಂಟಿಸಿ ಸುತ್ತಿಗೆಯಲ್ಲಿ ತಟ್ಟುವುದು, ಟೈರಿನ ಒಳಗೆ ಕೈಯಾಡಿಸಿ ಮುಳ್ಳು ಉಳಿದಿದೆಯೇ ಎಂದು ನೋಡುವುದು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಗಿರಾಕಿ ಮಾರನೇ ದಿನ ಮತ್ತೆ ಬರುತ್ತಾನೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದುದೂ ಇದೇ ಅಂಗಡಿಗಳು. ಸ್ವಂತ ಸೈಕಲ್ ಇಲ್ಲದ ಮನೆಯ ಮಕ್ಕಳು ಒಳಪೆಡಲ್ ಹೊಡೆದು ಸೈಕಲ್ ಕಲಿತದ್ದು ಅಲ್ಲಿನ ಬಾಡಿಗೆ ಸೈಕಲ್‌ಗಳಲ್ಲಿ.

ಮಾರುಕಟ್ಟೆಯ ಚಕ್ರಗಳು

ಮದರಾಸಿನಲ್ಲಿ ಮನುಷ್ಯರು ಎಳೆಯುವ ಕೈರಿಕ್ಷಾ ಬಹುಕಾಲ ಓಡಿತು. 1973ರಲ್ಲಿ ಕರುಣಾನಿಧಿ ಸರ್ಕಾರ ಅದನ್ನು ರದ್ದುಪಡಿಸಿ, ಎಳೆಯುತ್ತಿದ್ದವರಿಗೆ ಸೈಕಲ್ ರಿಕ್ಷಾ ಕೊಟ್ಟಿತು. ಸರಕು ಸಾಗಿಸಲು ಮೂರು ಚಕ್ರದ ಬಂಡಿ ಬಳಕೆಯಲ್ಲಿತ್ತು. ಇದರಲ್ಲಿ ಸರಕಿನ ಹಲಗೆ ಮುಂದೆ, ತುಳಿಯುವವನು ಹಿಂದೆ. ಮೀನು ಸಾಗಿಸುವವರ ಕೈಯಲ್ಲಿ ಇದು ಮೀನ್‌ಪಾಡಿ ವಂಡಿ ಎಂದು ಹೆಸರಾಯಿತು. ಕ್ರಮೇಣ ಹಳೆಯ ಮೊಪೆಡ್, ಬೈಕುಗಳ ಎಂಜಿನ್ ಕೂರಿಸಿ ಓಡಿಸುವುದು ಶುರುವಾಯಿತು. ಸುರಕ್ಷತೆಯ ಕಾರಣಕ್ಕೆ ಪೊಲೀಸರು ಮತ್ತೆ ಮತ್ತೆ ತಡೆದರೂ ಈ ಬಂಡಿಗಳು ಹೊರಟುಹೋಗಲಿಲ್ಲ.

ನಗರದ ತರಕಾರಿ ಸಗಟು ವ್ಯಾಪಾರ ಮೊದಲು ಜಾರ್ಜ್‌ಟೌನ್‌ನ ಕೊತ್ವಾಲ್ ಚಾವಡಿಯಲ್ಲಿತ್ತು. ಅಲ್ಲಿನ ಇಕ್ಕಟ್ಟು ತಪ್ಪಿಸಲು 1996ರಲ್ಲಿ ಅದು ಕೋಯಂಬೇಡಿಗೆ ಬಂತು. ಕೋಲಾರದ ಟೊಮೆಟೊ ಸೇರಿದಂತೆ ಕರ್ನಾಟಕದ ಮಾಲು ಲಾರಿಗಳಲ್ಲಿ ರಾತ್ರೋರಾತ್ರಿ ಇಲ್ಲಿಗೆ ಬಂದು ಬೀಳುತ್ತದೆ. ಮಾರುಕಟ್ಟೆ ಹೀಗೆ ದೂರ ಸರಿದಾಗ ಸೈಕಲ್‌ಗೆ ಪೆಟ್ಟು ಬಿತ್ತು. ಹಳೆ ಊರಿನ ಚಿಲ್ಲರೆ ವ್ಯಾಪಾರಿಗೆ ಕೊತ್ವಾಲ್ ಚಾವಡಿ ಸೈಕಲ್‌ನಲ್ಲಿ ಹೋಗಿಬರುವ ದೂರದಲ್ಲಿತ್ತು. ಕೋಯಂಬೇಡಿಗೆ ಹೋಗಿ ಮೂಟೆ ತರಲು ಮಿನಿ ಲಾರಿಯೋ ಆಟೊವೋ ಬೇಕಾಯಿತು. 2002ರಲ್ಲಿ ಪಕ್ಕದಲ್ಲೇ ಬೃಹತ್ ಬಸ್ ನಿಲ್ದಾಣ ಬಂತು, 2015ರಲ್ಲಿ ಮೆಟ್ರೊ ಬಂತು. ಸಂಚಾರ ಹೆಚ್ಚಿದಂತೆ ಸೈಕಲ್ ರಸ್ತೆಯ ಅಂಚಿಗೆ ಸರಿಯಿತು.

ಹೆಣ್ಣುಮಕ್ಕಳ ಸೈಕಲ್

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್, ಓದುಬರಹದ ಜೊತೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿ ಕಾರ್ಯಕರ್ತೆಯರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲವೂ ಸಿಕ್ಕಿತು. ಲೇಡೀಸ್ ಸೈಕಲ್ ಸಿಗದಿದ್ದವರು ಗಂಡಸರ ಸೈಕಲ್ಲನ್ನೇ ತುಳಿದರು. ಅದರ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರು ಅದನ್ನೇ ಇಷ್ಟಪಟ್ಟರು. ನೀರು ತರುವುದು, ಸಂತೆಗೆ ಹೋಗುವುದು, ಮಕ್ಕಳನ್ನು ಆಸ್ಪತ್ರೆಗೆ ಒಯ್ಯುವುದು ಯಾವುದಕ್ಕೂ ಗಂಡಸರ ದಾರಿ ಕಾಯಬೇಕಾಗಲಿಲ್ಲ. ಪತ್ರಕರ್ತ ಪಿ. ಸಾಯಿನಾಥ್ ಅವರ ಬರಹದಿಂದ ಈ ಬದಲಾವಣೆ ದೇಶಕ್ಕೆಲ್ಲ ಗೊತ್ತಾಯಿತು.

ಹತ್ತು ವರ್ಷದ ನಂತರ ಸರ್ಕಾರವೇ ಸೈಕಲ್ ಹಂಚಲು ಮುಂದಾಯಿತು. ತಮಿಳುನಾಡು 2001–02ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಂದ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ಇತರ ವಿದ್ಯಾರ್ಥಿಗಳಿಗೂ ವಿಸ್ತರಿಸಿತು. ಕರ್ನಾಟಕ 2006–07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಬಿಹಾರದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದೂ, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತೆಂದೂ ಅವರು ಕಂಡುಕೊಂಡರು. ಶಾಲೆ ದೂರವಿದ್ದ ಊರುಗಳಲ್ಲಿ ಲಾಭ ಹೆಚ್ಚು. ಗುಂಪಾಗಿ ಸೈಕಲ್ ಮೇಲೆ ಹೋಗುವ ಹುಡುಗಿಯರಿಗೆ ದಾರಿಯ ಭಯವೂ ಕಡಿಮೆ.

ಪಂದ್ಯದ ಸೈಕಲ್

ಕ್ರೀಡೆಯಾಗಿ ಸೈಕ್ಲಿಂಗ್‌ಗೆ ಎರಡು ದಾರಿ. ಒಂದು ವೆಲೋಡ್ರೋಮ್, ಅಂಚು ಎತ್ತರಿಸಿ ಬಟ್ಟಲಿನಂತೆ ಇಳಿಜಾರಾಗಿ ಕಟ್ಟಿದ ಓಟದ ಹಾದಿ. ಇಲ್ಲಿನ ಸೈಕಲ್‌ಗೆ ಬ್ರೇಕ್ ಇರದು, ಫ್ರೀವೀಲೂ ಇರದು. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತಲೇ ಇರಬೇಕು. ಚೆನ್ನೈ ಹೊರವಲಯದ ಮೇಲಕೊಟ್ಟೈಯೂರಿನಲ್ಲಿ ಇಂಥದೊಂದು ವೆಲೋಡ್ರೋಮ್ ಇದೆ. 2024ರ ಜನವರಿಯಲ್ಲಿ ಖೇಲೊ ಇಂಡಿಯಾ ಯುವ ಕ್ರೀಡಾಕೂಟದ ಟ್ರ್ಯಾಕ್ ಸೈಕ್ಲಿಂಗ್ ಇಲ್ಲೇ ನಡೆಯಿತು. ಇನ್ನೊಂದು ರಸ್ತೆ ಪಂದ್ಯ. ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಬಯಲು ಸೀಮೆ ಈ ಕ್ರೀಡೆಗೆ ದಶಕಗಳಿಂದ ಸ್ಪರ್ಧಿಗಳನ್ನು ಕೊಡುತ್ತ ಬಂದಿದೆ. ರೈತರ, ಕೂಲಿಕಾರರ ಮಕ್ಕಳು ಕ್ರೀಡಾ ಹಾಸ್ಟೆಲ್ ಸೇರಿ, ಸಾಮಾನ್ಯ ಸೈಕಲ್‌ನಿಂದ ರೇಸ್ ಸೈಕಲ್‌ಗೆ ಏರಿದ್ದಾರೆ. ಬೆಂಗಳೂರಿನಲ್ಲಿ ಈ ಕ್ರೀಡೆ ಬೆಳೆದದ್ದು ಎಂಜಿನಿಯರ್‌ಗಳ ಬಳಗದಿಂದ. ಅಲ್ಲಿನ ಪಂದ್ಯಗಳಲ್ಲಿ ಹೆಸರು ಮಾಡಿದ ನವೀನ್ ಜಾನ್ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು.

ಪಂದ್ಯವಲ್ಲದ ದೂರದ ಓಟವೂ ಹಬ್ಬಿದೆ. ಬ್ರೆವೆ ಎಂಬ ಈ ಓಟದಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆ ಗಡುವು. ಹೆಲ್ಮೆಟ್, ಮುಂದೆ ಹಿಂದೆ ದೀಪ, ಕತ್ತಲಲ್ಲಿ ಹೊಳೆಯುವ ಜಾಕೆಟ್ ಇಲ್ಲದವರನ್ನು ಹೊರಡಲು ಬಿಡುವುದಿಲ್ಲ. ಚೆನ್ನೈನ ಸವಾರರು ಇದಕ್ಕಾಗಿ ಪೂರ್ವ ಕರಾವಳಿ ರಸ್ತೆಯನ್ನೂ ಹೆದ್ದಾರಿಗಳನ್ನೂ ಬೆಳಕು ಹರಿಯುವ ಮೊದಲೇ ಹಿಡಿಯುತ್ತಾರೆ. ಅಂಬತ್ತೂರಿನ ಕಂಪನಿಯೂ 2011ರಲ್ಲಿ ಮಾಂಟ್ರಾ ಹೆಸರಿನಲ್ಲಿ ಗೇರ್ ಸೈಕಲ್‌ಗಳನ್ನು ತಂದು ಈ ಹೊಸ ಗಿರಾಕಿಗಳ ಕಡೆ ತಿರುಗಿತು.

ರಸ್ತೆಯ ಪಾಲು

2011ರ ಜನಗಣತಿಯಂತೆ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಚೆನ್ನೈನಲ್ಲಿ ಮಾತ್ರ ಜನರ ಒಟ್ಟು ಓಡಾಟದಲ್ಲಿ ಸೈಕಲ್‌ನ ಪಾಲು ಶೇ 6ರಷ್ಟಕ್ಕೆ ಇಳಿದಿತ್ತೆಂದು 2008ರ ಸಾರಿಗೆ ಅಧ್ಯಯನ ಹೇಳುತ್ತದೆ. ಮನೆಯಲ್ಲಿ ಸೈಕಲ್ ಇದ್ದರೂ ಜನ ಅದನ್ನು ರಸ್ತೆಗಿಳಿಸಲು ಹಿಂಜರಿದರು. ಸೈಕಲ್ ಪಥ ಹೇಗಿರಬೇಕೆಂಬ ಅರಿವಿನ ಕೊರತೆ ಇದಕ್ಕೆ ಕಾರಣವಲ್ಲ. ಪಥದ ಅಗಲ ಕನಿಷ್ಠ 2 ಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ.

2014ರಲ್ಲಿ ಚೆನ್ನೈ ಮಹಾನಗರ ಪಾಲಿಕೆ ಎಂಜಿನ್‌ರಹಿತ ಸಾರಿಗೆ ನೀತಿಯನ್ನು ಒಪ್ಪಿತು. ಭಾರತದ ನಗರವೊಂದು ಇಂಥ ನೀತಿ ತಂದದ್ದು ಅದೇ ಮೊದಲು. 2018ರ ಹೊತ್ತಿಗೆ ಶೇ 80 ರಸ್ತೆಗಳಿಗೆ ಕಾಲುದಾರಿ, ನಡಿಗೆ ಮತ್ತು ಸೈಕಲ್‌ನ ಪಾಲು ಶೇ 40ಕ್ಕೂ ಹೆಚ್ಚು, ಪಾದಚಾರಿ ಮತ್ತು ಸೈಕಲ್ ಸವಾರರ ಸಾವು ಸೊನ್ನೆ ಎಂಬುದು ಗುರಿ. ಕಾಲುದಾರಿಗಳು ಅಲ್ಲಲ್ಲಿ ಸುಧಾರಿಸಿದವು, ತ್ಯಾಗರಾಯ ನಗರದ ಪಾಂಡಿ ಬಜಾರ್ ಪಾದಚಾರಿಗಳಿಗೆ ಅಗಲವಾಯಿತು. ಸೈಕಲ್ ಪಥಗಳು ಅಷ್ಟು ಬೆಳೆಯಲಿಲ್ಲ. 2019ರಲ್ಲಿ ಬಂದ ಬಾಡಿಗೆ ಸ್ಮಾರ್ಟ್‌ಬೈಕ್‌ಗಳೂ ಲಾರಿ, ಬಸ್ಸುಗಳ ನಡುವೆಯೇ ಓಡಬೇಕಾಯಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಆರಂಭವಾದ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆಗೆ ಸಾಧಾರಣ ದೂರಗಳ ಊರು ಅನುಕೂಲವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರೂ ಅದನ್ನು ವಾಹನಗಳ ಅತಿಕ್ರಮಣದಿಂದ ಕಾಪಾಡುವುದೇ ದೊಡ್ಡ ಕೆಲಸವಾಯಿತು.

ಸೈಕಲ್ ಸವಾರನಿಗೆ ಅಪಾಯ ಹೆಚ್ಚಿರುವುದು ನೇರ ರಸ್ತೆಗಿಂತ ಕೂಡು ರಸ್ತೆಗಳಲ್ಲಿ, ಮೇಲ್ಸೇತುವೆಯ ಬಾಯಲ್ಲಿ. ಎಡಕ್ಕೆ ತಿರುಗುವ ಲಾರಿಯ ಚಾಲಕನಿಗೆ ಪಕ್ಕದಲ್ಲೇ ನೇರ ಹೋಗುವ ಸೈಕಲ್ ಕಾಣಿಸುವುದಿಲ್ಲ. ಮೇಲ್ಸೇತುವೆ ಹತ್ತುವ ವಾಹನಗಳು ವೇಗ ಹೆಚ್ಚಿಸುವ ಜಾಗದಲ್ಲೇ ಸೈಕಲ್ ಸವಾರ ಅವುಗಳ ಸಾಲನ್ನು ದಾಟಬೇಕು. ಸಗಟು ಮಾರುಕಟ್ಟೆ, ಬಸ್ ನಿಲ್ದಾಣ, ಮೆಟ್ರೊ ಮತ್ತು ಎರಡು ಮಹಾಮಾರ್ಗಗಳು ಕೂಡುವ ಕೋಯಂಬೇಡಿನಲ್ಲಿ ಈ ಎರಡೂ ಅಪಾಯಗಳು ಒಟ್ಟಿಗೇ ಇವೆ. ಹೆಲ್ಮೆಟ್, ದೀಪಗಳು ಸವಾರ ತಾನೇ ವಹಿಸಿಕೊಳ್ಳಬಹುದಾದ ಎಚ್ಚರಿಕೆ. ಕೂಡು ರಸ್ತೆಯ ವಿನ್ಯಾಸ ಅವನ ಕೈಯಲ್ಲಿಲ್ಲ. ಅದು ಪಾಲಿಕೆ, ರಾಜ್ಯ ಹೆದ್ದಾರಿ ಇಲಾಖೆ, ಮೆಟ್ರೊ ನಿಗಮ, ಸಂಚಾರ ಪೊಲೀಸರ ನಡುವೆ ಹಂಚಿಹೋಗಿದೆ. ಪ್ರತ್ಯೇಕ ಪಥ, ಸೈಕಲ್‌ಗೆ ಮೊದಲು ಹೊರಡುವ ಸಿಗ್ನಲ್, ನಿಲ್ದಾಣದಲ್ಲಿ ಬೀಗ ಹಾಕಿ ನಿಲ್ಲಿಸುವ ಜಾಗ, ಈ ಮೂರನ್ನೂ ಒಂದೇ ಕಚೇರಿಯ ಹೊಣೆಗೆ ಒಪ್ಪಿಸಿದ ಕಡೆ ಸೈಕಲ್ ಸುರಕ್ಷಿತವಾಗುತ್ತದೆ.