ಆ ಖಾಲಿ ಜಾಗದಲ್ಲಿ ಏನಿದೆ?

ಬೋಧನಾಭ್ಯಾಸದ ಎರಡನೆಯ ವಾರ ನಾನು ಒಂಬತ್ತನೆಯ ತರಗತಿಗೆ ಅಭಿಸರಣೆಯ ಪಾಠ ಮಾಡಿದೆ. ಪಾಠಯೋಜನೆ ಸಿದ್ಧವಿತ್ತು, ಸೂಕ್ಷ್ಮದರ್ಶಕವೂ ಸಿಕ್ಕಿತ್ತು. ಆದರೂ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ಅದು 42 ಮಕ್ಕಳ ನೋಟ್‌ಪುಸ್ತಕಕ್ಕೆ ಹೋಯಿತು. ಮುಂದೆ ಇದೇ ಪಾಠ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೂರ್ವಜ್ಞಾನ ಪರೀಕ್ಷೆಗೆ ಉಪ್ಪಿನಕಾಯಿಯನ್ನು ಆರಿಸಿಕೊಂಡಿದ್ದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಜಾಡಿಯಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. 'ನೀರು' ಎಂದರು. ಯಾರೂ ನೀರು ಹಾಕಿಲ್ಲವಲ್ಲ, ಎಲ್ಲಿಂದ ಬಂತು? 'ಹೋಳಿನಿಂದಲೇ ಸಾರ್, ಉಪ್ಪು ಎಳೆದುಕೊಂಡಿತು' ಎಂದ ಒಬ್ಬ. ಈ 'ಎಳೆದುಕೊಳ್ಳುವ' ಮಾತನ್ನು ಅಲ್ಲಿಯೇ ತಿದ್ದಬೇಕಾಗುತ್ತದೆ. ನೀರಿನ ಅಣುಗಳು ಕೋಶಪೊರೆಯ ಮೂಲಕ ಎರಡೂ ದಿಕ್ಕಿಗೆ ಸದಾ ಓಡಾಡುತ್ತಿರುತ್ತವೆ. ಹೊರಗಿನ ದ್ರಾವಣದಲ್ಲಿ ಉಪ್ಪು ಹೆಚ್ಚಿದ್ದು ನೀರಿನ ಪಾಲು ಕಡಿಮೆಯಿದ್ದಾಗ, ಒಳಬರುವ ಅಣುಗಳಿಗಿಂತ ಹೊರಹೋಗುವ ಅಣುಗಳು ಹೆಚ್ಚಾಗುತ್ತವೆ. ನೀರನ್ನು ಬಿಟ್ಟು ಉಪ್ಪು, ಸಕ್ಕರೆಗಳನ್ನು ಬಹುಮಟ್ಟಿಗೆ ತಡೆಯುವ ಇಂಥ ಪೊರೆಯ ಮೂಲಕ ನಡೆಯುವ ನೀರಿನ ನಿವ್ವಳ ಚಲನೆಯೇ ಅಭಿಸರಣೆ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ವಿಜ್ಞಾನಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ಮೊದಲು ಗಮನಿಸಿದ.

ನಂತರ ಪ್ರಯೋಗ. ರಿಯೋ ಗಿಡದ ಎಲೆಯ ಕೆಳಭಾಗ ನೇರಳೆ ಬಣ್ಣದ್ದು. ಆ ಬಣ್ಣವಿರುವುದು ಕೋಶದ ರಸದಾನಿಯಲ್ಲಿ. ಆದ್ದರಿಂದ ಬೇರೆ ಬಣ್ಣ ಹಾಕದೆಯೇ ಕೋಶದ ಒಳಭಾಗ ಎಷ್ಟು ಜಾಗ ತುಂಬಿದೆಯೆಂದು ಕಾಣಬಹುದು. ಸಿಪ್ಪೆಯನ್ನು ನೀರಿನಲ್ಲಿಟ್ಟಾಗ ಪ್ರತಿ ಕೋಶವೂ ಅಂಚಿನವರೆಗೆ ನೇರಳೆಯಾಗಿತ್ತು. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿದ ದ್ರಾವಣ ಹಾಕಿದ ಕೆಲವು ನಿಮಿಷಗಳಲ್ಲಿ ನೇರಳೆ ಭಾಗ ಮೂಲೆಗಳಿಂದ ಹಿಂದೆ ಸರಿದು ಮಧ್ಯದಲ್ಲಿ ಮುದುಡಿತು. ಕೋಶಭಿತ್ತಿ ಮಾತ್ರ ಇದ್ದಲ್ಲೇ ನಿಂತಿತ್ತು. ಇದೇ ಪ್ಲಾಸ್ಮಾಲಿಸಿಸ್ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಆಗ ಮೂರನೆಯ ಸಾಲಿನ ಹುಡುಗಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದಳು: 'ಸಾರ್, ಗೋಡೆಗೂ ಬಣ್ಣಕ್ಕೂ ನಡುವೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಏನಿದೆ?'

ನಾನು ಯೋಚಿಸದೆ 'ಏನೂ ಇಲ್ಲ, ಖಾಲಿ. ಬೇಕಾದರೆ ಗಾಳಿ ಎಂದುಕೋ' ಎಂದೆ. ಎಲ್ಲರೂ ಬರೆದುಕೊಂಡರು. ಅಷ್ಟೇ ಅಲ್ಲ, 'ಎಲೆ ಬಾಡುವುದು ಪ್ಲಾಸ್ಮಾಲಿಸಿಸ್‌ನಿಂದ' ಎಂಬ ಸಾರಾಂಶದೊಂದಿಗೆ ಪಾಠ ಮುಗಿಸಿದೆ.

ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ತರಗತಿಯಲ್ಲಿ ಏನನ್ನೂ ಹೇಳಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: 'ಕೋಶಭಿತ್ತಿಯ ಮೂಲಕ ಉಪ್ಪುನೀರು ಹಾಯಬಲ್ಲದೆ? ಯೋಚಿಸಿ.'

ಯೋಚಿಸಿದಾಗ ಉತ್ತರ ಸರಳವಾಗಿತ್ತು. ಸೆಲ್ಯುಲೋಸ್‌ನ ಕೋಶಭಿತ್ತಿ ನೀರನ್ನೂ ಉಪ್ಪನ್ನೂ ತಡೆಯುವುದಿಲ್ಲ. ತಡೆಯುವುದು ಅದರ ಒಳಗಿರುವ ಕೋಶಪೊರೆ. ಪೊರೆ ಹಿಂದೆ ಸರಿದಂತೆ ಹೊರಗಿನ ಉಪ್ಪುನೀರು ಭಿತ್ತಿಯನ್ನು ದಾಟಿ ಆ ಜಾಗವನ್ನು ತುಂಬುತ್ತದೆ. ಅಂದರೆ ಅಲ್ಲಿರುವುದು ಗಾಳಿಯಲ್ಲ, ನಾನೇ ಹಾಕಿದ ದ್ರಾವಣ.

ತಿದ್ದಿಕೊಂಡರೆ ಮಕ್ಕಳ ಮುಂದೆ ಗೌರವ ಹೋದೀತು, ಅಂಕವೂ ಕಡಿಮೆಯಾದೀತು ಎಂಬ ಅಳುಕು ನನಗಿತ್ತು. ಆದರೆ ಆ ಹುಡುಗಿ ನಿಜವಾಗಿ ನೋಡಿ ಕೇಳಿದ್ದಳು, ನಾನು ನೋಡದೆ ಹೇಳಿದ್ದೆ. ಮರುದಿನ ಪಾಠ ಆರಂಭಿಸುವಾಗಲೇ 'ನಿನ್ನೆ ನಾನು ಹೇಳಿದ್ದು ತಪ್ಪು. ಸರಿ ಯಾವುದೆಂದು ಇಂದು ಪರೀಕ್ಷಿಸೋಣ' ಎಂದೆ.

ಈರುಳ್ಳಿಯ ಒಳಪದರದ ಸಿಪ್ಪೆಗೆ ಬಣ್ಣವಿಲ್ಲ. ಉಪ್ಪಿನ ದ್ರಾವಣಕ್ಕೆ ಅಡುಗೆಯ ಕೆಂಪು ಬಣ್ಣ ಬೆರೆಸಿ ಅದರ ಮೇಲೆ ಹಾಕಿದೆವು. ಮುದುಡಿದ ಒಳಭಾಗ ತಿಳಿಯಾಗಿಯೇ ಉಳಿಯಿತು, ಭಿತ್ತಿ ಮತ್ತು ಪೊರೆಯ ನಡುವಿನ ಜಾಗ ಕೆಂಪಾಯಿತು. ಆ ಹುಡುಗಿಯನ್ನೇ ಮೊದಲು ಕರೆದು ತೋರಿಸಿದೆ. 'ಹೊರಗಿನ ನೀರೇ ಒಳಗೆ ಬಂದಿದೆ' ಎಂದು ಅವಳೇ ತರಗತಿಗೆ ಹೇಳಿದಳು. ನಾನು ಬೆತ್ತದ ಬುಟ್ಟಿಯೊಳಗೆ ನೀರು ತುಂಬಿದ ಬಲೂನಿಟ್ಟು, ಬುಟ್ಟಿಯನ್ನು ಬಕೆಟ್‌ನಲ್ಲಿ ಮುಳುಗಿಸಿ ತೋರಿಸಿದೆ. ಬಲೂನಿನ ನೀರನ್ನು ಸ್ವಲ್ಪ ಹೊರಬಿಟ್ಟರೆ ಬುಟ್ಟಿಯೊಳಗಿನ ಜಾಗವನ್ನು ಬಕೆಟ್‌ನ ನೀರು ತುಂಬಿತು. ಬುಟ್ಟಿ ಭಿತ್ತಿ, ಬಲೂನು ಪೊರೆ.

ಇನ್ನೊಂದು ತಪ್ಪನ್ನೂ ಆಗಲೇ ತಿದ್ದಬೇಕಾಯಿತು. ಬಿಸಿಲಿಗೆ ಎಲೆ ಬಾಡುವಾಗ ಕೋಶದ ಸುತ್ತ ದ್ರಾವಣವಿಲ್ಲ, ಗಾಳಿಯಿದೆ. ಭಿತ್ತಿಯ ಅತಿ ಸಣ್ಣ ರಂಧ್ರಗಳಲ್ಲಿ ನೀರು ಬಿಗಿಯಾಗಿ ನಿಂತಿರುವುದರಿಂದ ಗಾಳಿ ಸುಲಭವಾಗಿ ಒಳನುಗ್ಗಲಾರದು. ಹಾಗಾಗಿ ಕೋಶ ಕುಗ್ಗಿದಾಗ ಪೊರೆ ಸಾಮಾನ್ಯವಾಗಿ ಭಿತ್ತಿಯನ್ನು ಬಿಡುವುದಿಲ್ಲ, ಭಿತ್ತಿಯೂ ಅದರ ಜೊತೆಗೆ ಸುಕ್ಕಾಗುತ್ತದೆ. ನೀರುಂಡ ಎಲೆಯ ಕೋಶಗಳಲ್ಲಿ ಒಳಗಿನಿಂದ ಭಿತ್ತಿಯನ್ನು ಒತ್ತುವ ಒತ್ತಡ ಹಲವು ಗಿಡಗಳಲ್ಲಿ 5 ಬಾರ್ ಆಸುಪಾಸಿನಲ್ಲಿರುತ್ತದೆ, ಕಾರಿನ ಚಕ್ರದ ಗಾಳಿಯ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಮೆದು ಕಾಂಡದ ಗಿಡ ನೆಟ್ಟಗೆ ನಿಲ್ಲುವುದು ಇದರಿಂದ. ಪತ್ರರಂಧ್ರಗಳಿಂದ ಹೋಗುವ ನೀರು ಬೇರಿನಿಂದ ಬರುವುದಕ್ಕಿಂತ ಹೆಚ್ಚಾದಾಗ ಈ ಒತ್ತಡ ಇಳಿದು ಎಲೆ ಜೋಲುತ್ತದೆ. ಎರಡರಲ್ಲೂ ಕೋಶ ನೀರು ಕಳೆದುಕೊಳ್ಳುತ್ತದೆ, ಆದರೆ ಬಾಡುವುದು ಮತ್ತು ಪ್ಲಾಸ್ಮಾಲಿಸಿಸ್ ಒಂದೇ ಅಲ್ಲ.

ಮೌಲ್ಯಮಾಪನದ ವೇಳೆ ಹಿಂದಿನ ಬೆಂಚಿನ ಹುಡುಗನೊಬ್ಬ ತಾನಾಗಿ ಎದ್ದು ನಿಂತ. ಅವರ ಮೆಣಸಿನ ಗಿಡಗಳ ಬುಡಕ್ಕೆ ಬೇಗ ಬೆಳೆಯಲೆಂದು ಯೂರಿಯಾ ಹೆಚ್ಚು ಹಾಕಿದ್ದರಂತೆ. ಮಣ್ಣು ಹಸಿಯಾಗಿಯೇ ಇದ್ದರೂ ಗಿಡ ಸುಟ್ಟಂತಾಯಿತಂತೆ. 'ನೀರಿದ್ದರೂ ಕುಡಿಯಲು ಆಗಲಿಲ್ಲವಾ ಸಾರ್?' ಎಂದ. ಮಣ್ಣಿನ ನೀರಿನಲ್ಲಿ ಗೊಬ್ಬರ ಅತಿಯಾಗಿ ಕರಗಿದಾಗ ಬೇರಿನ ಕೋಶಕ್ಕೆ ನೀರು ಹೀರುವುದು ಕಷ್ಟ, ಕೆಲವೊಮ್ಮೆ ಇದ್ದ ನೀರೂ ಹೊರಹೋಗುತ್ತದೆ. ಯೂರಿಯಾದಿಂದ ಹುಟ್ಟುವ ಅಮೋನಿಯಾ ಕೂಡ ಬೇರಿಗೆ ಹಾನಿ ಮಾಡುತ್ತದೆ ಎಂಬುದನ್ನೂ ಸೇರಿಸಿ ಹೇಳಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವುಳು ಭೂಮಿಯಲ್ಲಿ ಬೆಳೆ ಸೊರಗುವುದಕ್ಕೂ, ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವನ್ನೇ ಬೆಳೆಯುತ್ತ ಬಂದಿರುವುದಕ್ಕೂ ಇದೇ ಪಾಠ ಸಂಬಂಧಿಸಿದೆ.

ಈ ಪಾಠ ಮಾಡುವವರಿಗೆ ಎರಡು ಸೂಚನೆಗಳು. ರಿಯೋ ಎಲೆಯೊಂದನ್ನು ಬೇಯಿಸಿ ಅದರ ಸಿಪ್ಪೆಯನ್ನೂ ತೋರಿಸಿ. ಪೊರೆ ಹಾಳಾಗಿ ಬಣ್ಣ ಸೋರಿರುತ್ತದೆ, ಪ್ಲಾಸ್ಮಾಲಿಸಿಸ್ ಆಗುವುದಿಲ್ಲ. ಜೀವಂತ ಪೊರೆಯ ಪಾತ್ರ ಆಗ ಮಕ್ಕಳಿಗೆ ಸ್ಪಷ್ಟವಾಗುತ್ತದೆ. ಹಸಿ ಸಿಪ್ಪೆಯನ್ನು ಉಪ್ಪಿನಲ್ಲಿ ಹೆಚ್ಚು ಹೊತ್ತು ಬಿಡದೆ ಮತ್ತೆ ನೀರಿಗೆ ಹಾಕಿ. ನೇರಳೆ ಬಣ್ಣ ಅಂಚಿನವರೆಗೆ ಮರಳುವುದನ್ನು ಅವರು ಕಣ್ಣಾರೆ ನೋಡಲಿ.

ಆ ದಿನ ಮಕ್ಕಳು ಹಿಂದಿನ ದಿನದ ಸಾಲನ್ನು ಹೊಡೆದುಹಾಕಿ ಸರಿಯಾದುದನ್ನು ಬರೆದುಕೊಂಡರು. ನನ್ನ ಪಾಠಯೋಜನೆಯಲ್ಲಿಯೂ ನಾನು ಹಾಗೆಯೇ ಮಾಡಿದೆ. ಹೊಡೆದ ಸಾಲು ಈಗಲೂ ಓದಲು ಬರುವಂತಿದೆ, ಅದನ್ನು ಅಳಿಸಿಲ್ಲ.