ರೊಟೊರುವಾದ ಎರಡು ನೀರು

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿರುವ ರೊಟೊರುವಾ ತಲುಪಿದವರಿಗೆ ಊರಿಗಿಂತ ಮೊದಲು ಸಿಗುವುದು ಅದರ ನಾತ. ಕೊಳೆತ ಮೊಟ್ಟೆಯದೇ ವಾಸನೆ. ನೆಲದ ಬಿರುಕುಗಳಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಳ್ಳುತ್ತದೆ, ಬೆಳ್ಳಿ ಒಗ್ಗುವುದಿಲ್ಲ. ಉಂಗುರ, ಗೆಜ್ಜೆ, ಕಾಲುಂಗುರ ಎಲ್ಲ ಕಪ್ಪಾಗುತ್ತವೆ. ಸ್ನಾನಕ್ಕೆ ಹೊರಡುವ ಮುನ್ನ ಬಿಚ್ಚಿ, ಗಾಳಿಯಾಡದಂತೆ ಕಟ್ಟಿಡುವುದು ಕ್ಷೇಮ.

ಸುಮಾರು 2,40,000 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನೆಲ ಕುಸಿಯಿತು. ಆ ಕುಳಿಯಲ್ಲಿ ನೀರು ನಿಂತು ಆದದ್ದೇ ರೊಟೊರುವಾ ಸರೋವರ. ಅದರ ದಂಡೆಯ ಮೇಲಿರುವ ಪಾಲಿನೇಷಿಯನ್ ಸ್ಪಾಗೆ ಎರಡು ಬುಗ್ಗೆಗಳ ನೀರು ಬರುತ್ತದೆ, ಎರಡರ ಗುಣವೂ ಬೇರೆ ಬೇರೆ. ‘ಪ್ರೀಸ್ಟ್’ ಬುಗ್ಗೆಯದು ಹುಳಿ ನೀರು. 1878ರಲ್ಲಿ ಸಂಧಿವಾತದಿಂದ ನರಳುತ್ತಿದ್ದ ಫಾದರ್ ಮಹೋನಿ ಎಂಬ ಪಾದ್ರಿ ಇದರಲ್ಲಿ ಮಿಂದು ಚೇತರಿಸಿಕೊಂಡರಂತೆ. ಅದರಿಂದ ಈ ಹೆಸರು. ‘ರೇಚಲ್’ ಬುಗ್ಗೆಯದು ಕ್ಷಾರದ ನೀರು, ಸಿಲಿಕಾ ಬೆರೆತದ್ದು. ಅದು ತಾಗಿದರೆ ಸೀಗೆಕಾಯಿ ಹಚ್ಚಿದಂತೆ ಮೈ ನುಣುಪು. ಬುಗ್ಗೆಗೆ ಹೆಸರು ಬಂದದ್ದು ಯಾರಿಂದಲೋ ಆ ರೇಚಲ್ ಲಂಡನ್ನಿನಲ್ಲಿ ಚಿರಯೌವನ ಕೊಡಿಸುತ್ತೇನೆಂದು ಶ್ರೀಮಂತ ಹೆಂಗಸರ ಹಣ ಸುಲಿದು ಜೈಲು ಸೇರಿದವಳು. ಪಾದ್ರಿಗೂ ವಂಚಕಿಗೂ ಒಂದೇ ಸ್ನಾನಘಟ್ಟ!

ಕೊಳದಲ್ಲಿ ಕುತ್ತಿಗೆಯವರೆಗೆ ಇಳಿಯಬಹುದು, ತಲೆ ಮುಳುಗಿಸುವಂತಿಲ್ಲ. ಬಿಸಿ ಸಿಹಿನೀರಿನಲ್ಲಿ ಬದುಕುವ ಒಂದು ಅಮೀಬಾ ಮೂಗಿನ ಮೂಲಕ ಮಿದುಳು ಹೊಕ್ಕರೆ ಉಳಿಯುವುದು ದುರ್ಲಭ. ಕಾಯಿಲೆ ತೀರಾ ಅಪರೂಪ, ಆದರೂ ನ್ಯೂಜಿಲೆಂಡಿನಲ್ಲಿ ಈ ಎಚ್ಚರಿಕೆಯನ್ನು ಗಂಭೀರವಾಗಿಯೇ ಕೊಡುತ್ತಾರೆ. ತೀರ್ಥ ಕಂಡಕೂಡಲೇ ಮೂಗು ಹಿಡಿದು ಮೂರು ಮುಳುಗು ಹಾಕುವ ನಮ್ಮವರಿಗೆ ಇದು ಕಷ್ಟದ ಸಂಯಮವೇ.

ಎದುರಿಗೆ ಸರೋವರದ ನಡುವೆ ಮೊಕೋಯಾ ದ್ವೀಪ. ಮಾವೊರಿಗಳ ಕಥೆಯಲ್ಲಿ, ಮನೆಯವರು ದೋಣಿಗಳನ್ನು ದಡಕ್ಕೆ ಎಳೆದಿಟ್ಟಾಗ ಹಿನೆಮೋವಾ ಎಂಬ ಹುಡುಗಿ ಸೋರೆಬುರುಡೆ ಕಟ್ಟಿಕೊಂಡು, ಪ್ರಿಯಕರ ಟುಟಾನೆಕೈ ಊದುವ ಕೊಳಲಿನ ದನಿ ಹಿಡಿದು ಕತ್ತಲಲ್ಲಿ ಅಲ್ಲಿಗೆ ಈಜಿದಳು. ಚಳಿಗೆ ಸೆಟೆದ ಮೈಯನ್ನು ದ್ವೀಪದ ಬಿಸಿನೀರ ಕೊಳದಲ್ಲಿ ಕಾಯಿಸಿಕೊಂಡಳು. ಪ್ರೇಮಕಥೆಯಲ್ಲೂ ಬಿಸಿನೀರಿಗೊಂದು ಪಾತ್ರ ಕೊಟ್ಟ ಊರಿದು.

ಕೊಳದಲ್ಲಿ ಕೂತವರಿಗೆ ಈ ನೀರು ಬತ್ತುವುದೇ ಇಲ್ಲ ಅನಿಸುತ್ತದೆ. ಊರಿನವರಿಗೂ ಹಾಗೆಯೇ ಅನಿಸಿತ್ತು. ಮನೆ ಬೆಚ್ಚಗಿಡಲು, ಸ್ನಾನಕ್ಕೆ, ಹೋಟೆಲುಗಳಿಗೆ ಎಂದು ಹಿತ್ತಲಲ್ಲೆಲ್ಲ ಕೊಳವೆಬಾವಿ ಕೊರೆದರು. ಕೋಲಾರದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನೆಲದಡಿಯ ಒತ್ತಡ ಇಳಿಯಿತು. ಊರ ದಕ್ಷಿಣದ ಫಾಕರೆವಾರೆವಾದಲ್ಲಿ ಚಿಮ್ಮುವ ಬುಗ್ಗೆಗಳು ಸೊರಗಿದವು. 1979ರಲ್ಲಿ ಪಾಪಾಕುರಾ ಬುಗ್ಗೆ ನಿಂತೇಹೋಯಿತು.

1986ರಲ್ಲಿ ಸರ್ಕಾರ ಕಠಿಣ ಹೆಜ್ಜೆ ಇಟ್ಟಿತು. 30 ಮೀಟರ್‌ವರೆಗೆ ಚಿಮ್ಮಬಲ್ಲ ಫಾಕರೆವಾರೆವಾದ ಪೊಹುಟು ಬುಗ್ಗೆಯ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಕೊಳವೆಬಾವಿಗಳನ್ನು ಮುಚ್ಚಲು ಆದೇಶ; ಉಳಿದವಕ್ಕೆ ಶುಲ್ಕ. ಅಗ್ಗದ ಬಿಸಿ ಕಳೆದುಕೊಂಡವರು ಸಿಟ್ಟಾದರು. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು: ಪ್ರವಾಸಿಗರು ನೋಡುವ ಬುಗ್ಗೆಗಾಗಿ ತಮ್ಮ ಮನೆ ಯಾಕೆ ತಣ್ಣಗಾಗಬೇಕು? ಆದರೆ ಆ ಬುಗ್ಗೆಗಳ ಆವಿಯಲ್ಲಿ ತಲೆತಲಾಂತರದಿಂದ ಅಡುಗೆ ಬೇಯಿಸಿ, ಅದೇ ನೀರಲ್ಲಿ ಮೀಯುತ್ತ ಬಂದ ಮಾವೊರಿ ಕುಟುಂಬಗಳೂ ಫಾಕರೆವಾರೆವಾದಲ್ಲೇ ಇದ್ದವು. ಕೊಳವೆಬಾವಿಗಳು ಮುಚ್ಚಿದ ಮೇಲೆ ಒತ್ತಡ ಮತ್ತೆ ಏರತೊಡಗಿತು. ಪಾಪಾಕುರಾ ಮಾತ್ರ ಅವಸರ ಮಾಡಲಿಲ್ಲ. ಅದು ಮತ್ತೆ ಚಿಮ್ಮಿದ್ದು 2015ರಲ್ಲಿ.