ನಮ್ಮ ಕರದ ದುಡ್ಡಿನ ಓದುಮನೆ

ಬಿಸಿಲು 42 ಡಿಗ್ರಿ ಮುಟ್ಟಿದ ದಿನವೂ ಕಲಬುರಗಿಯ ನಗರ ಕೇಂದ್ರ ಗ್ರಂಥಾಲಯಕ್ಕೆ ಓದುಗರು ತಪ್ಪುವುದಿಲ್ಲ. ಪತ್ರಿಕೆಯ ಮೇಜಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು ಪಕ್ಕದ ಹುಡುಗನನ್ನು ಕೇಳುತ್ತಾರೆ: "ಆ ಹಾಳಿ ಮುಗೀತೇನಪಾ?" "ತಗೋರಿ ಕಾಕಾ" ಎಂದು ಒಳಪುಟ ಬಿಡಿಸಿ ಕೊಟ್ಟ ಹುಡುಗ ಮತ್ತೆ ತನ್ನ ನೋಟ್‌ಬುಕ್ಕಿಗೆ ತಲೆ ತಗ್ಗಿಸುತ್ತಾನೆ. ಮುಂದೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ, ನೀರಿನ ಬಾಟಲಿ. ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಇಂಥ ಹುಡುಗರಲ್ಲಿ ಹಳ್ಳಿಯಿಂದ ಬಂದು ಒಂದೇ ಖೋಲಿಯಲ್ಲಿ ಮೂರು ನಾಲ್ಕು ಮಂದಿ ಇರುವವರು ಬಹಳ. ಪುಸ್ತಕಕ್ಕೂ ಮೊದಲು ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಫ್ಯಾನು, ಗದ್ದಲವಿಲ್ಲದ ಕೆಲವು ತಾಸು. ಕೂತು ಓದಲು ಇಲ್ಲಿ ಯಾರೂ ಹಣ ಕೇಳುವುದಿಲ್ಲ. ಪುಸ್ತಕ ಮನೆಗೆ ಒಯ್ಯುವುದಾದರೆ ಸದಸ್ಯರಾಗಬೇಕು, ಅಷ್ಟೆ.

ಇದನ್ನು ಸರ್ಕಾರದ ದಾನವೆಂದು ತಿಳಿಯಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುತ್ತದೆ: ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಮನೆಯ ತೆರಿಗೆ ಕಟ್ಟಿದವರೆಲ್ಲ ಈ ಕಪಾಟುಗಳಿಗೆ ಪುಸ್ತಕ ತಂದವರೇ. ಆದರೂ ಎಷ್ಟೋ ಮನೆಯವರು ಒಮ್ಮೆಯೂ ಇದರ ಮೆಟ್ಟಿಲು ಹತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ. ಬರಲಾಗದವರಿಗೆ 2020ರಿಂದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವಿದೆ; ಮೊಬೈಲಿನಲ್ಲಿ ಹೆಸರು ನೋಂದಾಯಿಸಿದರೆ ಸಾಕು.

ನಗರ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದು ಹೋದರೆ ಕೆಂಪು ಬಾಳೆಯ ಊರು ಕಮಲಾಪುರ. ಈ ತಾಲ್ಲೂಕಿನ ಹಳ್ಳಿಗಳಲ್ಲಿ ಓದಿನ ಹೊಣೆ ಹೊತ್ತವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು. 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವನ್ನೇ ಕಾಣದ ಮಗು ತನ್ನ ಹೆಸರಿನಲ್ಲಿ ಕಥೆಪುಸ್ತಕ ಬರೆಸಿಕೊಂಡು ಎದೆಗವಚಿ ಮನೆಗೆ ಓಡುವುದು ಸಣ್ಣ ಸಂಗತಿಯಲ್ಲ. ಓದಿ ಮುಗಿಸಿದ ಪುಸ್ತಕ ನಿಮ್ಮಲ್ಲಿದ್ದರೆ ಅದನ್ನೂ ಅಲ್ಲಿಗೆ ಕೊಡಬಹುದು. 'ಪುಸ್ತಕ ಜೋಳಿಗೆ' ಅಭಿಯಾನ ನಡೆಸಿದ್ದು ಅದಕ್ಕೆಂದೇ.

ನಗರ ಗ್ರಂಥಾಲಯಕ್ಕೆ ವಾರದ ರಜೆ ಸೋಮವಾರ. ಈ ಭಾನುವಾರ ಮಕ್ಕಳ ಕೈ ಹಿಡಿದು ಒಮ್ಮೆ ಹೋಗಿ ಬನ್ನಿ.